ಸ್ಲ್ಯಾಬಿಗೊಂದು ಬೆಳಕಿಂಡಿ

ಹೋದ ವಾರ ಗಿರಣಿಯ ಪಟ್ಟಾ ಹರಿಯಿತೆಂದು ಹೊಸದನ್ನು ತರಲು ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಶಾಲೆಗೆ ಸೂಟಿ ಇದ್ದುದರಿಂದ ಮಗಳು ಗಿರಿಜಾ ಗಾಡಿಯ ಹಿಂದೆ ಹತ್ತಿ ಕುಳಿತಿದ್ದಳು. ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಹಳೆಯ ಮನೆ ಕೆಡವುತ್ತಿದ್ದರು. ಮಾಳಿಗೆಯ ಮೇಲೆ ನಿಂತ ಆಳುಗಳು ಮಣ್ಣನ್ನು ಸಲಿಕೆಯಿಂದ ಕೆಳಗೆ ದೂಡುತ್ತಿದ್ದರು. ಬೆಳಿಗ್ಗೆ ಸಣ್ಣಗೆ ಮಳೆ ಹನಿದು ಹೋಗಿತ್ತು. ಗಾಡಿ ತಾನಾಗಿ ನಿಂತಿತೋ ನಾನೇ ನಿಲ್ಲಿಸಿದೆನೋ ಗೊತ್ತಿಲ್ಲ. ಆ ವಾಸನೆ ಮೂಗಿಗೆ ಬಂದುಬಿಟ್ಟಿತ್ತು. ಹೊಲದ ಮಣ್ಣಿಗೆ ಮಳೆ ಬಿದ್ದಾಗ ಬರುವ ಘಮವಲ್ಲ ಅದು. ಅದರಲ್ಲಿ ಒಲೆಯ ಹೊಗೆ ಇರುತ್ತದೆ, ಹಳೇ ಕಟ್ಟಿಗೆ ಇರುತ್ತದೆ, ಕೊಳೆತ ಹುಲ್ಲು ಇರುತ್ತದೆ, ನಮ್ಮ ಮುತ್ತಜ್ಜನ ಕಾಲದ ಧೂಳೂ ಇರುತ್ತದೆ.

"ಅಪ್ಪಾ, ನಮ್ಮ ಹಳೇ ಮನಿ ವಾಸನಿ" ಅಂದಳು ಗಿರಿಜಾ.

"ನಿನಗ ನೆನಪೈತೇನು? ಆವಾಗ ಎರಡನೇತ್ತೆ ಇದ್ದಿ."

"ಎಲ್ಲಾ ನೆನಪೈತಿ. ನೀ ವದರಿದ್ದಂತೂ ಭಾಳ ನೆನಪೈತಿ" ಎಂದು ನಕ್ಕು, ನನ್ನ ಬೆನ್ನಿಗೊಂದು ಗುದ್ದಿದಳು. "ನಡೀ, ಪಟ್ಟಾ ಅಂಗಡಿ ಬಂದ್ ಮಾಡ್ತಾರ."

ನಾನು ವದರುವ ಮನುಷ್ಯ, ಸುಳ್ಳೇಕೆ ಹೇಳಲಿ. ಸೊರಟೂರಿನಲ್ಲಿ ಹಿಟ್ಟಿನ ಗಿರಣಿ ಇಟ್ಟವನು. ದಿನವಿಡೀ ಗಡಗಡ ಅನ್ನುವ ಯಂತ್ರದ ಪಕ್ಕ ನಿಂತು 'ಸಣ್ಣಗೆ ಬೀಸ್ಲೋ, ದಪ್ಪಗೆ ಬೀಸ್ಲೋ' ಎಂದು ಹೆಣ್ಣುಮಕ್ಕಳನ್ನು ಕೂಗಿ ಕೇಳಿ ಕೇಳಿ, ಮನೆಯಲ್ಲಿ ನೀರು ಕೇಳಿದರೂ ಓಣಿಯವರೆಲ್ಲ ತಿರುಗಿ ನೋಡುವಂತೆ ಕೇಳುತ್ತೇನೆ. ಸಿಟ್ಟೂ ಅಷ್ಟೇ ಜಲ್ದಿ ಬರುತ್ತದೆ. ಅಂಥವನ ಕೈಗೆ ದೇವರು ಒಂದು ವರ್ಷ ಹೆದರಿದ ಕೂಸನ್ನು ಕೊಟ್ಟು ಪರೀಕ್ಷೆ ಮಾಡಿದ. ಆ ವರ್ಷದ ಮಾತು ಇದು.

ನಮ್ಮ ಹಳೆಯ ಮನೆ ಮಣ್ಣಿನ ಮಾಳಿಗೆಯದು. ಗೋಡೆ ಮಣ್ಣು, ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಹುಲ್ಲು, ಅದರ ಮೇಲೆ ಮತ್ತೆ ಮಣ್ಣು. ಪಡಸಾಲೆಯ ನಡುಮಧ್ಯೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ದೊಡ್ಡ ಬುಟ್ಟಿಯೊಂದು ಇಳಿಯುವಷ್ಟು ಚೌಕದ ತೂತು. ಒಳಗಿನ ಹೊಗೆ ಹೊರಗೆ ಹೋಗಲು, ಹೊರಗಿನ ಬೆಳಕು ಒಳಗೆ ಬರಲು ಅದೇ ದಾರಿ. ಮಳೆ ಬಂದರೆ ಯಾರಾದರೂ ನಿಚ್ಚಣಿಕೆ ಹತ್ತಿ ಓಡಿಹೋಗಿ ಅದಕ್ಕೆ ತಗಡು ಮುಚ್ಚಿ, ಮೇಲೊಂದು ಕಲ್ಲು ಇಡಬೇಕು. ಬಿಸಿಲಿನ ದಿನ ಆ ತೂತಿನಿಂದ ನೆಲಕ್ಕೆ ಬೀಳುತ್ತಿದ್ದ ಬೆಳಕಿನಲ್ಲಿ ಗಿರಿಜಾ ಬಿಲ್ಲೆ ಎಸೆದು, ಒಂಟಿಗಾಲಲ್ಲಿ ಕುಂಟುತ್ತ ಕುಂಟಲಪಿ ಆಡುತ್ತಿದ್ದಳು. ಬಿಸಿಲು ಸರಿದಂತೆ ಅವಳ ಆಟವೂ ಸರಿಯುತ್ತಿತ್ತು.

ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿಸುವುದು ನಮ್ಮ ಕಡೆಯ ಪದ್ಧತಿ. ಹಳ್ಳದ ದಂಡೆಯಿಂದ ಸವುಳು ಮಣ್ಣನ್ನು ಚಕ್ಕಡಿಯಲ್ಲಿ ತರಿಸಿ, ಮೇಲೆ ಹರವಿ, ಬಡಿದು ಗಟ್ಟಿ ಮಾಡಬೇಕು. ನಮ್ಮವ್ವನಿಗೆ ಅದು ದೊಡ್ಡ ಹಬ್ಬ. ಉಳಿದವರು ಎರಡು ಚಕ್ಕಡಿ ಹಾಕಿಸಿದರೆ ಇವಳು ಮೂರು ಹಾಕಿಸಬೇಕು. "ನಮ್ಮ ಮಾಳಿಗಿ ಒಂದ ಹನಿ ಸೋರಿದ್ದು ತೋರಸ್ರಿ ನೋಡೂಣು" ಎಂದು ಕಟ್ಟೆಗೆ ಕುಳಿತು ಹೇಳುವಾಗ ಅವಳ ಮುಖ ನೋಡಬೇಕಿತ್ತು. ಹಳೆಯ ಮಣ್ಣು ತೆಗೆದು ಹೊಸದು ಹಾಕಬೇಕೆಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ನನ್ನ ಅಪ್ಪನಿಗೂ ಹೊಳೆದಿರಲಿಲ್ಲ. ಸೋರಬಾರದು, ಅಷ್ಟೇ. ಮೇಲೆ ಎಷ್ಟು ಭಾರ ಕೂತಿದೆ ಎಂದು ಕೆಳಗೆ ಮಲಗಿದವರು ಯಾರು ಲೆಕ್ಕ ಹಾಕುತ್ತಾರೆ?

ಆ ಶ್ರಾವಣದಲ್ಲಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ಹೊಲದಲ್ಲಿ ಹೆಸರುಕಾಳು ಬಳ್ಳಿಯಲ್ಲೇ ಮೊಳಕೆ ಒಡೆಯಿತು. ಹಗಲಿಗೂ ರಾತ್ರಿಗೂ ಫರಕ್ಕಿಲ್ಲದ ಹಾಗೆ ಮೋಡ. ಊರಿನಲ್ಲಿ ಅಲ್ಲೊಂದು ಗೋಡೆ, ಇಲ್ಲೊಂದು ಹಿತ್ತಲು ಬೀಳುತ್ತಿತ್ತು. ನಮ್ಮ ಮಾಳಿಗೆ ಮಾತ್ರ ಅವ್ವ ಹೇಳಿದಂತೆಯೇ ಒಂದು ಹನಿ ಸೋರಲಿಲ್ಲ. ಎಲ್ಲವನ್ನೂ ಕುಡಿದು ಸುಮ್ಮನೆ ಕೂತಿತ್ತು.

ಒಂದು ಮುಂಜಾನೆ ಮಳೆ ನಿಂತು ಬಿಸಿಲು ಬಿತ್ತು. ಓಣಿಯವರೆಲ್ಲ ಹೊರಗೆ ಬಂದು ಆಕಾಶ ನೋಡಿ ಕೈ ಮುಗಿದರು. ನಾನು ನಿಚ್ಚಣಿಕೆ ಹತ್ತಿ ಬೆಳಕಿಂಡಿಯ ತಗಡು ತೆಗೆದು, ಮನೆಯ ಪಕ್ಕದಲ್ಲೇ ಇದ್ದ ಗಿರಣಿಗೆ ಹೋದೆ. ಕರೆಂಟ್ ಇರಲಿಲ್ಲ. ಕಲ್ಲು ತಿಕ್ಕುತ್ತ ಕೂತಿದ್ದೆ. ಅವ್ವ ಹಿತ್ತಲಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದಳು. ನಾಲ್ಕು ತಿಂಗಳ ಬಸುರಿಯಾಗಿದ್ದ ನನ್ನ ಹೆಂಡತಿ ರೇಣುಕಾ ಹಿಂದಿನ ತಗಡಿನ ಅಡುಗೆಮನೆಯಲ್ಲಿದ್ದಳು. ಎಷ್ಟೋ ದಿನಕ್ಕೆ ಪಡಸಾಲೆಗೆ ಬೆಳಕು ಬಂದದ್ದು ನೋಡಿ ಗಿರಿಜಾ ಕುಂಟಲಪಿ ಆಡಲು ಹೋಗಿದ್ದಳು.

ದಡಲ್ ಎಂದು ಸಪ್ಪಳವಾಯಿತು. ಸಿಡಿಲಂತೂ ಅಲ್ಲ, ನೆಲದ ಒಳಗಿನಿಂದ ಬಂದಂಥ ಸಪ್ಪಳ. ಓಡಿ ಬಂದರೆ ಬಾಗಿಲಿನಿಂದ ಧೂಳು ಹೊರಗೆ ಬರುತ್ತಿತ್ತು. ಅಷ್ಟು ಮಳೆಯಲ್ಲಿ ತೊಯ್ದ ಮನೆಯಿಂದ ಒಣ ಧೂಳು! "ಗಿರಿಜಾ! ಗಿರಿಜಾ!" ಎಂದು ನಾನು ವದರಿದ್ದು ಊರ ಅಗಸಿಬಾಗಿಲವರೆಗೆ ಕೇಳಿತಂತೆ.

ಧೂಳು ಇಳಿಯಿತು. ಆಚೆ ಈಚೆ ಎರಡೂ ಕಡೆ ಮಾಳಿಗೆ ಪೂರ್ತಿ ಕುಸಿದಿತ್ತು. ಬೆಳಕಿಂಡಿಗೆ ಆಸರೆಯಾಗಿದ್ದ ಎರಡು ತೊಲೆಗಳು ಮಾತ್ರ ನಿಂತಿದ್ದವು. ಅವುಗಳ ನಡುವೆ, ಬಿಸಿಲಿನ ಚೌಕದಲ್ಲಿ, ತಲೆಯಿಂದ ಕಾಲಿನವರೆಗೆ ಮಣ್ಣಾಗಿ ನನ್ನ ಮಗಳು ನಿಂತಿದ್ದಳು. ಅಳುತ್ತಿರಲಿಲ್ಲ. ನನ್ನ ಕಡೆ ಕೈ ಚಾಚಿ ಅಂದಳು: "ಅಪ್ಪಾ, ಅಲ್ಲಿ ನಿಂದರಬ್ಯಾಡ. ಇಲ್ಲಿ ಬಾ. ಇಲ್ಲೆ ಏನೂ ಬೀಳಂಗಿಲ್ಲ."

ಮೈಮೇಲೆ ಒಂದು ಗೀರು ಕೂಡ ಇರಲಿಲ್ಲ. ದೇವರು ಕಾಪಾಡಿದ, ಕಾಪಾಡಿದ ಎಂದು ಊರಿಗೆ ಊರೇ ಹೇಳಿತು. ನಾವೂ ಹಾಗೇ ತಿಳಿದೆವು. ಹೆಂಗಸರು ದೇವಿಗೆ ಉಡಿ ತುಂಬಿದರು, ಗಂಡಸರು ಕಾಯಿ ಒಡೆದರು. ಆದರೆ ಗಿರಿಜಾ ಆ ಮುಂಜಾನೆ ತನ್ನದೇ ಒಂದು ಪಾಠ ಕಲಿತಿದ್ದಳು. ತಲೆಯ ಮೇಲೆ ಆಕಾಶ ಕಂಡರೆ ಬದುಕು, ಕಾಣದಿದ್ದರೆ ಇಲ್ಲ.

ಅದು ನಮಗೆ ತಿಳಿದದ್ದು ಅದೇ ಸಂಜೆ. ಮನೆ ಬಿದ್ದವರಿಗೆಂದು ಶಾಲೆಯ ಕೋಣೆಗಳಲ್ಲಿ ಗಂಜಿ ಕೇಂದ್ರ ತೆರೆದಿದ್ದರು. ಎಲ್ಲರೂ ಒಳಗೆ ಹೋದರು, ಇವಳು ಬಾಗಿಲಲ್ಲೇ ನಿಂತಳು. ನಾನು ಎತ್ತಿಕೊಂಡು ಒಳಗೆ ಹೆಜ್ಜೆ ಇಟ್ಟೆ, ನನ್ನ ಹೆಗಲನ್ನು ಕಚ್ಚಿಬಿಟ್ಟಳು. ಹೊರಗೆ ತಂದರೆ ಸುಮ್ಮನಾದಳು. ಹೊರಗೆ ಮತ್ತೆ ಹನಿ ಶುರುವಾಗಿತ್ತು. ಮಳೆಯಲ್ಲಿ ಕೂಸನ್ನು ಎಲ್ಲಿ ಮಲಗಿಸುವುದು? ಕೊನೆಗೆ ನೆನಪಾದದ್ದು ನನ್ನ ಗಿರಣಿ. ತಗಡಿನ ಮಾಡು, ಅದರಲ್ಲಿ ಒಂದು ಹಾಳೆ ಮಾತ್ರ ಬೆಳಕಿಗೆಂದು ಹಾಕಿಸಿದ ಫೈಬರಿನದು. ಅದರಿಂದ ಆಕಾಶ ಮಬ್ಬಾಗಿ ಕಾಣುತ್ತದೆ. ಗಿರಿಜಾ ಒಳಗೆ ಇಣುಕಿದಳು, ಮೇಲೆ ನೋಡಿದಳು, ನೇರ ಹೋಗಿ ಆ ಹಾಳೆಯ ಕೆಳಗೆ ಕುಳಿತಳು.

ಹಾಗಾಗಿ ನಾವು ಗಿರಣಿಯಲ್ಲೇ ಸಂಸಾರ ಹೂಡಿದೆವು. ಹಿಟ್ಟಿನ ಡಬ್ಬಿಗಳ ನಡುವೆ ಹಾಸಿಗೆ, ತೂಕದ ಕಾಟಾದ ಪಕ್ಕ ಒಲೆ. ಎದ್ದಾಗ ಎಲ್ಲರೂ ಹುಬ್ಬಿನವರೆಗೆ ಬೆಳ್ಳಗೆ. "ಏನ್ ಬಸಣ್ಣಾ, ಮನಿಮಂದಿನ್ನೂ ಬೀಸಿಯೇನು?" ಎಂದು ಬೀಸಲು ಬಂದವರು ನಗುತ್ತಿದ್ದರು. ನಗದೆ ಇದ್ದರೆ ಅಳಬೇಕಾಗುತ್ತಿತ್ತು, ನಾವೂ ನಗುತ್ತಿದ್ದೆವು.

ಶಾಲೆ ಮತ್ತೆ ಶುರುವಾಯಿತು. ಗಿರಿಜಾ ವರಾಂಡದ ಅಂಚಿನಲ್ಲಿ, ಕಂಬದ ಹೊರಗೆ ಕೂತಳು. ಅವಳ ಅಕ್ಕೋರು ಒಳ್ಳೆಯ ಹೆಣ್ಣುಮಗಳು. ಕರಿಹಲಗೆಯನ್ನು ಬಾಗಿಲಿಗೆ ಕಾಣುವಂತೆ ತಿರುಗಿಸಿ ಇಟ್ಟರು. "ಇರ್ಲಿ ಬಿಡ್ರಿ, ಅಕ್ಷರ ಹೊರಗ ಕುಂತ್ರೂ ತಲಿಗೆ ಹೋಗ್ತಾವ" ಅಂದರು.

ನಮ್ಮ ಮನೆಯಲ್ಲಿ ಮಾತ್ರ ಅಷ್ಟು ತಾಳ್ಮೆ ಯಾರಿಗಿತ್ತು? ಅವ್ವ ದೃಷ್ಟಿ ತೆಗೆದಳು, ತಾಯತ ಕಟ್ಟಿಸಿದಳು. ಗದಗಿನ ಡಾಕ್ಟರರು ಗಿರಿಜಾಳನ್ನು ಆಸ್ಪತ್ರೆಯ ಅಂಗಳದಲ್ಲೇ ಕೂರಿಸಿ ಮಾತಾಡಿಸಿ, "ಆಕೀನ್ನ ಜಬರದಸ್ತಿ ಒಳಗ ಎಳೀಬ್ಯಾಡ್ರಿ. ಆಕಿ ಕೇಳಿದ್ದಕ್ಕ ಖರೇ ಉತ್ತರ ಕೊಡ್ರಿ, ಸಾಕು" ಎಂದು ಕಳಿಸಿದರು. ಇದೆಂಥ ಔಷಧ, ಗುಳಿಗೆ ಕೊಡಲು ಬರುವುದಿಲ್ಲವೇನು ಎಂದು ನನಗೆ ಸಿಟ್ಟು. ಗಾಡಿಯಲ್ಲಿ ಬರುವಾಗ ನನಗೊಂದು ಉಪಾಯ ಹೊಳೆಯಿತು. ಬೀಳದ ಮಾಡುಗಳನ್ನೇ ತೋರಿಸಿದರೆ ಹೇಗೆ? ಹುಲಕೋಟಿಗೆ ಹತ್ತಿ ಗಿರಣಿ ತೋರಿಸಲು ಕರೆದೊಯ್ದೆ. ಬೆಟಗೇರಿಯಲ್ಲಿ ನೇಕಾರ ಗೆಳೆಯನ ಮನೆ ತೋರಿಸಿದೆ. ಲಕ್ಷ್ಮೇಶ್ವರದ ಹಳೆಯ ಕಲ್ಲಿನ ಗುಡಿಯ ಎದುರು ನಿಲ್ಲಿಸಿ, "ನೋಡು, ಎಷ್ಟೋ ನೂರು ವರ್ಷ ಆತು, ಒಂದ ಕಲ್ಲು ಕದಲಿಲ್ಲ" ಅಂದೆ.

ಅವಳು ಬಹಳ ಹೊತ್ತು ನೋಡಿದಳು. "ಅಪ್ಪಾ, ಕಲ್ಲು ಮಣ್ಣಿಗಿಂತ ಭಾರ ಅಲ್ಲೇನ?"

"ಹೌದು."

"ಮತ್ತ ನನಗ್ಯಾಕ ತೋರಸಾಕತ್ತೀ?"

ಗಾಡಿಗೆ ಕಿಕ್ ಹೊಡೆದೆ.

ದೀಪಾವಳಿ ಕಳೆದ ಮೇಲೆ ರೇಣುಕಾಳನ್ನು ಬಾಣಂತನಕ್ಕೆ ಮುಂಡರಗಿಗೆ, ಅವಳ ತವರಿಗೆ ಕಳಿಸಿದೆವು. ಗಿರಣಿಯ ಧೂಳಿನಲ್ಲಿ ಅವಳಿಗೆ ಕೆಮ್ಮು ಹತ್ತಿತ್ತು. ಆಮೇಲೆ ಗಿರಿಜಾಳ ಜಡೆ, ಜಳಕ, ಬುತ್ತಿ ಎಲ್ಲ ನನ್ನ ಪಾಲಿಗೆ ಬಂತು. ನಾನು ಹಾಕಿದ ಜಡೆ ಶಾಲೆ ಮುಟ್ಟುವ ಮೊದಲೇ ಬಿಚ್ಚಿಕೊಳ್ಳುತ್ತಿತ್ತು. "ಹುರಿ ಹೊಸ್ದಂಗ ಗಟ್ಟಿ ಹೊಸೀಬೇಕಪ್ಪಾ" ಎಂದು ಅವಳೇ ಕಲಿಸಿದಳು. ಖಾರ ಕುಟ್ಟುವ ಹಂಗಾಮು ಬಂದಾಗ ಇಡೀ ಗಿರಣಿ ಸೀನುತ್ತಿತ್ತು. ನಾನು ಸೀನಿದರೆ ಅವಳು ಎಣಿಸುತ್ತಿದ್ದಳು, ಅವಳು ಸೀನಿದರೆ ನಾನು. ಹೀಗೆ ಅಪ್ಪ ಮಗಳು ಗೆಳೆಯರಾದೆವು.

ಒಂದು ಮಧ್ಯಾಹ್ನ ಕರೆಂಟ್ ಹೋಗಿತ್ತು. ಅವ್ವ ಜೋಳ ಹಸನು ಮಾಡುತ್ತಿದ್ದಳು. ಗಿರಿಜಾ ತನ್ನ ಹಾಳೆಯ ಕೆಳಗೆ ಕೂತವಳು ಇದ್ದಕ್ಕಿದ್ದಂತೆ ಕೇಳಿದಳು: "ಅಪ್ಪಾ, ನಮ್ಮನಿ ಯಾಕ ಬಿತ್ತು?"

"ಮಳಿ ಬಂತಲ್ಲವ್ವಾ. ದೇವರ ಆಟ" ಅಂದೆ. ಅಲ್ಲಿಯವರೆಗೆ ಎಲ್ಲರೂ ಅವಳಿಗೆ ಹೇಳಿದ್ದು ಅದನ್ನೇ.

"ಮಳಿ ಎಲ್ಲಾರ ಮನೀ ಮ್ಯಾಲೂ ಬಂತು. ಬಾಜೂಕಿನ ಗಂಗಕ್ಕನ ಮನಿ ಬೀಳಲಿಲ್ಲ."

ನಾನು ಇನ್ನೊಂದು ಸುಳ್ಳಿಗೆ ಬಾಯಿ ತೆರೆಯುವುದರೊಳಗೆ ಅವ್ವ ಮೊರ ಕೆಳಗಿಟ್ಟಳು. ನಾನು ಅವಳ ಮುಖ ನೋಡಿ ಬೇಡ ಎಂದು ಕೈ ಮಾಡಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ನಾ ಮಣ್ಣು ಭಾಳ ಹಾಕಿಸಿದ್ದೆ ತಂಗೀ" ಅಂದಳು. "ವರ್ಷಾ ವರ್ಷಾ ಹಾಕಿಸಿದೆ. ಸೋರಬಾರದು, ನಿಮಗೆಲ್ಲಾ ಬೆಚ್ಚಗಿರಬೇಕು ಅಂತ ಹಾಕಿಸಿದೆ. ಮಣ್ಣು ನೀರು ಕುಡದು ಭಾರ ಆತು. ತೊಲಿಗೆ ತಾಳಲಿಲ್ಲ. ಅದಕ್ಕ ಬಿತ್ತು."

ಮಾಳಿಗೆಯ ಬಗ್ಗೆ ಅಷ್ಟು ಸೊಕ್ಕಿನಿಂದ ಮಾತಾಡುತ್ತಿದ್ದ ನನ್ನವ್ವ, ಮನೆ ಬಿದ್ದ ದಿನದಿಂದ ಆ ಮಾತು ಎತ್ತಿರಲಿಲ್ಲ. ಈಗ ಮೊಮ್ಮಗಳ ಮುಂದೆ ಹೇಳಿ ಕಣ್ಣು ಒರೆಸಿಕೊಂಡಳು. ಗಿರಿಜಾ ಎದ್ದು ಹಾಳೆಯ ಕೆಳಗಿನಿಂದ ಈಚೆ ಬಂದಳು. ಅಲ್ಲಿ ಬರೀ ತಗಡಿನ ಮಾಡು. ಅವ್ವನ ತೊಡೆಯ ಮೇಲೆ ಕೈ ಇಟ್ಟು, "ಹಂಗಾರ ಮಣ್ಣು ಇಲ್ಲದ್ದು ಬೀಳಂಗಿಲ್ಲೇನ ಆಯೀ?" ಎಂದು ಕೇಳಿದಳು.

"ಭಾರ ತಾಳೂವಷ್ಟ ಹಾಕಿದ್ರ ಬೀಳಂಗಿಲ್ಲವ್ವಾ."

ಅಷ್ಟು ಕೇಳಿ ಮತ್ತೆ ತನ್ನ ಜಾಗಕ್ಕೆ ಓಡಿದಳು. ಆದರೆ ಆ ದಿನದಿಂದ ಪ್ರಶ್ನೆಗಳು ಶುರುವಾದವು. ತಗಡು ಎಷ್ಟು ಭಾರ? ಹೆಂಚು ಎಷ್ಟು? ಸಿಮೆಂಟು ನೀರು ಕುಡಿಯುತ್ತದೇನು? ಗೊತ್ತಿದ್ದರೆ ಹೇಳುತ್ತಿದ್ದೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತಿದ್ದೆ. ಡಾಕ್ಟರರ ಔಷಧ ಅದೇ ಇತ್ತು ಎಂದು ನನ್ನ ಮಂದ ತಲೆಗೆ ಹೊಳೆದದ್ದು ಆಗ.

ಸಂಕ್ರಾಂತಿಯ ಸುಮಾರಿಗೆ ಮುಂಡರಗಿಯಿಂದ ಖಬರ ಬಂತು, ಹೆಣ್ಣುಕೂಸು. ಗಿರಿಜಾ ತಂಗಿಯನ್ನು ನೋಡಲು ಹೋದಳು. ತವರುಮನೆಗೆ ದೊಡ್ಡ ಅಂಗಳ, ಅಂಗಳದಲ್ಲಿ ಕಟ್ಟೆ. ಅಲ್ಲೇ ಕೂತು ಕೂಸನ್ನು ತೊಡೆಯ ಮೇಲೆ ಹಾಕಿಸಿಕೊಂಡಳು. ತಾಯಿ ಒಳಗೆ ಕರೆದರೆ ಹೋಗಲಿಲ್ಲ. ರೇಣುಕಾ ನನ್ನನ್ನು ಪಕ್ಕಕ್ಕೆ ಕರೆದಳು.

"ಹೊಸಾ ಮನಿ ಆಗ್ಲಿ. ನಾ ಬರ್ತೀನಿ. ಕಾರಹುಣ್ಣಿಮಿ ತನಕಾ ನೋಡ್ತೀನಿ. ಅಷ್ಟರಾಗ ಈಕಿ ಮನಿ ಒಳಗ ಎಲ್ಲಾರಂಗ ಇರಲಿಲ್ಲಂದ್ರ ಇಲ್ಲೇ ನಮ್ಮವ್ವನ ಹಂತ್ಯಾಕ ಬಿಟ್ಟು, ಮುಂಡರಗಿ ಸಾಲಿಗೆ ಹಚ್ಚೂಣು. ಮಳಿಗಾಲದಾಗ ಕೂಸು ಹೊರಗ ತೊಯ್ಕೋಂತ ಕುಂತ್ರ ನನ್ನ ಕಣ್ಣಿಂದ ನೋಡಾಕ ಆಗಂಗಿಲ್ಲ."

"ನನ್ನ ಮಗಳನ್ನ ಯಾರ ಹಂತ್ಯಾಕೂ ಬಿಡಂಗಿಲ್ಲ!" ಎಂದು ನಾನು ವದರಿದೆ. ಒಳಗೆ ಕೂಸು ಎದ್ದು ಅತ್ತಿತು. ಆದರೆ ರೇಣುಕಾಳ ಮಾತಿನಲ್ಲಿ ತಪ್ಪೇನಿತ್ತು? ಆದರೂ ಮಗಳ ಜಡೆ ಹಾಕಲು ಈಗಷ್ಟೇ ಕಲಿತಿದ್ದೆ. ಗಿರಣಿಗೆ ಬಂದು, ಅವಳು ಹೋದ ಮೇಲೆ ಆ ಹಾಳೆಯ ಕೆಳಗೆ ಉಳಿಯುವ ಖಾಲಿ ಜಾಗ ನೆನೆಸಿಕೊಂಡರೆ ಊಟ ಸೇರುತ್ತಿರಲಿಲ್ಲ.

ಬೇಸಿಗೆಯಲ್ಲಿ ಮನೆಯ ಕೆಲಸ ನಡೆಯಿತು. ಇಟ್ಟಂಗಿ ಗೋಡೆ, ಮೇಲೆ ಸ್ಲ್ಯಾಬು. ಗೌಂಡಿ ಮೌಲಾಸಾಬ ನಮ್ಮ ಕಡೆ ಹೆಸರಾದ ಕೆಲಸಗಾರ, ಹೆಸರಾದ ಚೇಷ್ಟೆಗಾರ. ಗಿರಿಜಾ ಬೇವಿನ ಗಿಡದ ನೆರಳಿನಲ್ಲಿ ಕೂತು ಕಬ್ಬಿಣದ ಸರಳು ಕಟ್ಟುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಸ್ಲ್ಯಾಬು ಹಾಕುವ ಹಿಂದಿನ ದಿನ ನನ್ನ ಅಂಗಿ ಜಗ್ಗಿದಳು.

"ಅಪ್ಪಾ, ಬೆಳಕಿಂಡಿ ಎಲ್ಲೈತಿ?"

ನಾನು ಮೌಲಾಸಾಬನಿಗೆ ಹೇಳಿದೆ. ಅವನು ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿ ನಕ್ಕ. "ಸ್ಲ್ಯಾಬಿಗೆ ಯಾರರ ಬೆಳಕಿಂಡಿ ಬಿಡ್ತಾರೇನ್ರಿ ಬಸಣ್ಣಾರ? ಕಿಡಕಿ ಇಟ್ಟೀನಿ, ಬಲ್ಬ್ ಹಾಕಸ್ತೀರಿ. ಮಂದಿ ನೋಡಿದ್ರ ಮೌಲಾಸಾಬಗ ಹುಚ್ಚು ಹಿಡದೈತಿ ಅಂತಾರ."

"ನನಗ ಹಿಡದೈತಿ ಅಂತ ಹೇಳು. ಪಡಸಾಲಿ ನಡುವ ಬಿಡು. ಸುತ್ತ ಒಂದು ಕಟ್ಟಿ ಎಬ್ಬಿಸು, ತಗಡಿನ ಮುಚ್ಚಳ ಮಾಡಸ್ತೀನಿ."

ಮೌಲಾಸಾಬ ಗಿರಿಜಾಳನ್ನು ನೋಡಿದ. ಮನೆ ಬಿದ್ದ ಕತೆ ಅವನಿಗೂ ಗೊತ್ತಿತ್ತು. ನಗು ನಿಲ್ಲಿಸಿ ಹಲಗೆ ಬಿಚ್ಚಲು ಆಳುಗಳಿಗೆ ಹೇಳಿದ. "ಎಷ್ಟ ದೊಡ್ಡದು ಬೇಕವಾ ನಿಂಗ?" ಎಂದು ಅವಳನ್ನೇ ಕೇಳಿದ. ಅವಳು ಎರಡೂ ಕೈ ಅಗಲಿಸಿ ತೋರಿಸಿದಳು.

ಬಸವ ಜಯಂತಿ ಮುಗಿದ ಮೇಲೆ ಮನೆ ಒಳಗಾದೆವು. ಹಾಲು ಉಕ್ಕಿಸಿದೆವು, ಹೋಳಿಗೆ ಊಟ ಹಾಕಿದೆವು. ಗಿರಿಜಾ ಹೊಸಿಲಲ್ಲಿ ನಿಂತು, ಅಲ್ಲಿಂದ ಒಂದೇ ಓಟಕ್ಕೆ ಬೆಳಕಿಂಡಿಯ ಕೆಳಗೆ ಹೋಗಿ ನಿಂತಳು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ನಾನು, ಗೆದ್ದೆ ಮಗನೇ ಎಂದುಕೊಂಡೆ.

ಎಲ್ಲಿಯ ಗೆಲುವು! ಅವಳು ಮನೆಯ ಒಳಗೆ ಬಂದಳು, ಆದರೆ ಆ ಚೌಕ ಬಿಟ್ಟು ಕದಲಲಿಲ್ಲ. ಊಟ ಅಲ್ಲಿ, ಓದು ಅಲ್ಲಿ, ನಿದ್ದೆ ಅಲ್ಲಿ. ಮುಚ್ಚಳ ಹಾಕಿ ನೋಡೋಣವೆಂದು ಒಮ್ಮೆ ಅರ್ಧ ಎಳೆದೆ, ಕೆಳಗಿನಿಂದ ಅವಳು ಕಿರುಚಿದ ದನಿಗೆ ನಾನೇ ಜೋಲಿ ಹೊಡೆದೆ. ಅಡುಗೆಮನೆಗೂ ಬರುವುದಿಲ್ಲ, ಕಾಳಿನ ಕೋಣೆಯ ಕಡೆ ಅಂತೂ ತಿರುಗಿಯೂ ನೋಡುವುದಿಲ್ಲ. ಅದು ಕಿಟಕಿಯಿಲ್ಲದ ಒಳಗೋಣೆ, ಹಗಲಲ್ಲೂ ಕತ್ತಲೆ.

ರೇಣುಕಾ ಕೂಸನ್ನು ಕರೆದುಕೊಂಡು ಬಂದಳು. ಮೌಲಾಸಾಬ ತೊಟ್ಟಿಲಿಗೆಂದು ಸ್ಲ್ಯಾಬಿಗೆ ಕೊಂಡಿ ಬಿಟ್ಟಿದ್ದ. ಅದಕ್ಕೆ ತೊಟ್ಟಿಲು ಕಟ್ಟಿ ಕೂಸನ್ನು ಮಲಗಿಸಿದ್ದೇ ತಡ, ಗಿರಿಜಾ ತನ್ನ ಚೌಕದಿಂದ ಅಳಲು ಶುರು ಮಾಡಿದಳು. "ತಂಗಿನ್ನ ಅಲ್ಲಿ ಹಾಕಬ್ಯಾಡ್ರಿ! ಇಲ್ಲಿ ತರ್ರಿ! ಅಪ್ಪಾ, ತರಾಕ ಹೇಳು!" ತೊಟ್ಟಿಲಲ್ಲಿ ಕೂಸು, ಇಲ್ಲಿ ಇವಳು, ಎರಡೂ ಅಳು. ಗಿರಿಜಾಳಿಗೆ ಹೋಗಿ ಎತ್ತಿಕೊಳ್ಳಬೇಕು ಅನ್ನಿಸುತ್ತದೆ, ಕಾಲು ಬರುವುದಿಲ್ಲ. ಅವಳ ಸಂಕಟ ನೋಡಲಾಗಲಿಲ್ಲ.

"ಕಾರಹುಣ್ಣಿಮಿ ಹತ್ರ ಬಂತು" ಅಂದಳು ರೇಣುಕಾ ಮೆಲ್ಲಗೆ. ಅವಳ ಕಣ್ಣುಗಳೂ ತುಂಬಿದ್ದವು.

ನಾನು ಹಿತ್ತಲಿಗೆ ಹೋದೆ. ಹಳೆಯ ಮನೆಯ ಜಂತಿಗಳನ್ನು ಅಲ್ಲಿ ಒಟ್ಟಿದ್ದೆವು. ಗಟ್ಟಿಯದೊಂದನ್ನು ಹೊತ್ತು ಮಾಳಿಗೆ ಹತ್ತಿ, ಬೆಳಕಿಂಡಿಯ ಕಟ್ಟೆಯ ಮೇಲೆ ಅಡ್ಡ ಹಾಕಿ ಬಿಗಿದೆ. ಅದರಿಂದ ಹಗ್ಗ ಇಳಿಬಿಟ್ಟು ಅವ್ವನ ಹಳೆಯ ಇಳಕಲ್ ಸೀರೆಯ ಜೋಳಿಗೆ ಕಟ್ಟಿದೆ. ಕೂಸನ್ನು ತಂದು ಜೋಳಿಗೆಗೆ ಹಾಕಿದ ಮೇಲೆ ಗಿರಿಜಾ ಸುಮ್ಮನಾಗಿ ತೂಗತೊಡಗಿದಳು. ಅಡ್ಡ ಜಂತಿ ಇರುವವರೆಗೆ ಮುಚ್ಚಳ ಕೂಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಆಕಾಶದಲ್ಲಿ ಒಂದು ಮೋಡ ಇರಲಿಲ್ಲ, ಮುಂದೆ ನೋಡಿಕೊಳ್ಳೋಣ ಎಂದು ಬಿಟ್ಟೆ.

ಸ್ವಲ್ಪ ದಿನಕ್ಕೆ ರೋಹಿಣಿ ಮಳೆ ಬಂತು, ಹೇಳದೆ ಕೇಳದೆ. ಮಧ್ಯಾಹ್ನ ಗಿರಣಿ ತುಂಬ ಮಂದಿ. ಯಂತ್ರದ ಸಪ್ಪಳದಲ್ಲಿ ಗುಡುಗು ಕೇಳಿರಲಿಲ್ಲ. ತಗಡಿನ ಮೇಲೆ ಮಳೆಯ ಜೊತೆ ಮಂಜಿನ ಆಣೆಕಲ್ಲು ಬಿದ್ದ ಸಪ್ಪಳಕ್ಕೆ ತಲೆ ಎತ್ತಿದೆ. ಜೋಳಿಗೆ! ಕೂಸು! ಮೋಟಾರು ಬಂದ್ ಮಾಡಿದೆನೋ ಇಲ್ಲವೋ, ಓಡಿದೆ. ಅವ್ವ ಗಂಗಕ್ಕನ ಮನೆಗೆ ಹೋಗಿದ್ದಳು. ರೇಣುಕಾ ಹಿತ್ತಲಲ್ಲಿ ಒಣಹಾಕಿದ ಬಟ್ಟೆ ಎಳೆಯುತ್ತ, "ಕೂಸು, ಕೂಸು!" ಎಂದು ಅವಳೂ ಓಡಿ ಬಂದಳು.

ಬೆಳಕಿಂಡಿಯಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು. ಜೋಳಿಗೆ ತೊಯ್ದು ತೊಟ್ಟಿಕ್ಕುತ್ತಿತ್ತು. ಕೈ ಹಾಕಿ ನೋಡಿದೆ, ಖಾಲಿ. ಗಿರಿಜಾಳ ಚೌಕವೂ ಖಾಲಿ. ಅವಳ ಪಾಟೀಚೀಲ ಮಾತ್ರ ನೀರಿನಲ್ಲಿ ಬಿದ್ದಿತ್ತು.

"ಗಿರಿಜಾ!" ಎಂದು ವದರಿದೆ. ಹೋದ ವರ್ಷ ವದರಿದ ದನಿಯೇ ಬಂತು, ನನ್ನದೇ ದನಿಗೆ ನಾನೇ ಹೆದರಿದೆ. ಅಂಗಳಕ್ಕೆ ಓಡಿದೆ, ಇಲ್ಲ. ಕಟ್ಟೆ ನೋಡಿದೆ, ಬೇವಿನ ಗಿಡದ ಕೆಳಗೆ ನೋಡಿದೆ, ಇಲ್ಲ. ಕೂಸನ್ನು ಎತ್ತಿಕೊಂಡು ಆಣೆಕಲ್ಲಿನ ಮಳೆಯಲ್ಲಿ ಎಲ್ಲಿ ಹೋದಳು? "ಗಿರಿಜಾ!"

"ವದರಬ್ಯಾಡಪ್ಪಾ!"

ದನಿ ಒಳಗಿನಿಂದ ಬಂತು. ಕಾಳಿನ ಕೋಣೆಯಿಂದ.

ಬಾಗಿಲಲ್ಲಿ ನಿಂತು ಕತ್ತಲೆಗೆ ಕಣ್ಣು ಹೊಂದಿಸಿಕೊಂಡೆ. ಜೋಳದ ಚೀಲಗಳ ನಡುವೆ, ಗೋಡೆಗೆ ಒರಗಿ ಗಿರಿಜಾ ಕೂತಿದ್ದಳು. ತನ್ನ ಲಂಗದಲ್ಲಿ ತಂಗಿಯನ್ನು ಸುತ್ತಿ ಎದೆಗೆ ಅವಚಿಕೊಂಡಿದ್ದಳು. ತಲೆಯ ಮೇಲೆ ಬರೀ ಸ್ಲ್ಯಾಬು. ಅವಳು ಮೇಲೆ ನೋಡುತ್ತಿರಲಿಲ್ಲ, ಕೂಸಿನ ಮುಖವನ್ನೇ ನೋಡುತ್ತಿದ್ದಳು. ಮೈ ಸಣ್ಣಗೆ ನಡುಗುತ್ತಿತ್ತು, ಆದರೆ ಕೈ ಮಾತ್ರ ತಟ್ಟುವುದನ್ನು ಬಿಟ್ಟಿರಲಿಲ್ಲ.

"ತಂಗಿ ತೊಯ್ತಿದ್ಲು. ಅದಕ್ಕ ಒಳಗ ತಂದೆ" ಅಂದಳು ಪಿಸುಮಾತಿನಲ್ಲಿ. "ಈಗಷ್ಟ ಮಲಗ್ಯಾಳ. ನೀ ವದರಿ ಎಬ್ಬಸಬ್ಯಾಡ. ಹೋಗು, ಮ್ಯಾಲ ಮುಚ್ಚಿ ಬಾ. ಮನ್ಯಾಗೆಲ್ಲಾ ನೀರಾಗಾಕತ್ತೈತಿ."

ರೇಣುಕಾ ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋಗಿ ಅವಳ ಪಕ್ಕ ಕುಸಿದಳು. ಎರಡೂ ಮಕ್ಕಳನ್ನು ಒಟ್ಟಿಗೆ ಅಪ್ಪಿಕೊಂಡಳು, ಮುಂಡರಗಿಯ ಮಾತು ಆಮೇಲೆ ಆ ಮನೆಯಲ್ಲಿ ಬರಲೇ ಇಲ್ಲ.

ನಾನು ನಿಚ್ಚಣಿಕೆ ಹತ್ತಿದೆ. ಆಣೆಕಲ್ಲು ತಲೆಗೆ ಬಡಿಯುತ್ತಿತ್ತು. ಅಡ್ಡ ಜಂತಿ ಬಿಚ್ಚಿ ಎಳೆದು ಹಾಕಿದೆ. ಜೋಳಿಗೆ ಕೆಳಗೆ ಬಿತ್ತು. ಮುಚ್ಚಳವನ್ನು ಎತ್ತಿ ಕಟ್ಟೆಯ ಮೇಲೆ ಅರ್ಧ ಎಳೆದು, ಅಲ್ಲಿಗೆ ನಿಂತೆ. ಕೈ ಮುಂದೆ ಹೋಗಲಿಲ್ಲ. ಹೋದ ಸಲ ಇಷ್ಟು ಮುಚ್ಚಿದಾಗಲೇ ಅವಳು ಕಿರುಚಿದ್ದಳು. ಮಳೆಯಲ್ಲಿ ತೊಯ್ಯುತ್ತ, ಕಿವಿಯನ್ನು ಆ ತೂತಿಗೆ ಕೊಟ್ಟು ಕಾದೆ.

ಕಾಳಿನ ಕೋಣೆಯಿಂದ ದನಿ ಬಂತು, ಈ ಸಲ ಜೋರಾಗಿ, ಸಿಟ್ಟಿನಿಂದ, ಥೇಟ್ ನನ್ನ ಹಾಗೆ:

"ಅಪ್ಪಾ, ಏನ್ ನಿಂತಿ ಅಲ್ಲೆ? ಇನ್ನೂ ನೀರು ಬರಾಕತ್ತೈತಿ. ಪೂರಾ ಮುಚ್ಚು!"

ಪೂರಾ ಮುಚ್ಚಿದೆ. ಮೇಲೊಂದು ಕಲ್ಲನ್ನೂ ಇಟ್ಟೆ.